ಕ್ಯಾಮೆರಾ ಚಲನ್ ಕೋರ್ಟ್‌ಗೆ ಹೋಯ್ತಾ? ಮೆಸೇಜ್ ಬಂದ ದಿನದಿಂದ ಕೇಸ್ ಮುಗಿಯೋವರೆಗೆ ಏನೇನು ಮಾಡಬೇಕು

"ಸಿಗ್ನಲ್ ಜಂಪ್ ಅಂತ ಮೆಸೇಜ್ ಬಂದಿದೆ, ಕಟ್ಟದೆ ಬಿಟ್ಟರೆ ಏನಾಗುತ್ತೆ?" "ವರ್ಚುವಲ್ ಕೋರ್ಟ್‌ನಿಂದ ನೋಟಿಸ್ ಅಂತೆ, ವಕೀಲರನ್ನ ಇಡಬೇಕಾ?" "ಗಾಡಿ ಮಾರಿ ವರ್ಷ ಕಳೀತು, ದಂಡ ಇನ್ನೂ ನನಗೇ ಬರ್ತಿದೆ." ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆಗಳು ಇವೇ. ಒಬ್ಬೊಬ್ಬರಿಗೂ ತುಂಡು ತುಂಡಾಗಿ ಉತ್ತರಿಸುವ ಬದಲು ಪೂರ್ತಿ ಇಲ್ಲೇ ಬರೆದಿಡುತ್ತಿದ್ದೇನೆ. ಬೆಂಗಳೂರನ್ನು ಮುಂದಿಟ್ಟುಕೊಂಡು ಬರೆದಿದ್ದೇನೆ. ಆದರೆ ಕಾಯ್ದೆ ದೇಶಕ್ಕೆಲ್ಲ ಒಂದೇ ಆದ್ದರಿಂದ ಹುಬ್ಬಳ್ಳಿಯವರಿಗೂ ಮಂಗಳೂರಿನವರಿಗೂ ಬಹುಪಾಲು ಇದೇ ದಾರಿ.

ಸ್ವಲ್ಪ ಹಿನ್ನೆಲೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಬಂದಾಗ 136ಎ ಅನ್ನುವ ಹೊಸ ಸೆಕ್ಷನ್ ಸೇರಿತು. ರಸ್ತೆ ಮೇಲೆ ಕ್ಯಾಮೆರಾ ಇಟ್ಟು ಕೇಸ್ ಹಾಕುವುದಕ್ಕೆ ಅದೇ ಆಧಾರ. ಅದನ್ನು ಜಾರಿ ಮಾಡುವ ರೀತಿ 2021ರ ಆಗಸ್ಟ್‌ನಲ್ಲಿ ಬಂದ ನಿಯಮ 167ಎ ಯಲ್ಲಿದೆ. ಬೆಂಗಳೂರಿನಲ್ಲಿ 2022ರ ಡಿಸೆಂಬರ್‌ನಲ್ಲಿ 50 ಜಂಕ್ಷನ್‌ಗಳಲ್ಲಿ ಐಟಿಎಂಎಸ್, ಅಂದರೆ ತಪ್ಪನ್ನು ಕ್ಯಾಮೆರಾಗಳೇ ಹಿಡಿಯುವ ಸಂಚಾರ ವ್ಯವಸ್ಥೆ, ಶುರುವಾಯಿತು. ನಂಬರ್ ಪ್ಲೇಟ್ ಓದುವ ಕ್ಯಾಮೆರಾ 250, ಕೆಂಪು ದೀಪ ದಾಟಿದವರನ್ನು ಹಿಡಿಯುವ ಕ್ಯಾಮೆರಾ 80. ಮೈಸೂರು ಹೆದ್ದಾರಿಗೆ 2024ರಲ್ಲಿ ಬಂತು. ಅಡ್ಡ ಹಾಕೋ ಪೊಲೀಸರಿಲ್ಲ, ವಾದ ಮಾಡೋಕೆ ಜನ ಇಲ್ಲ. ಫೋಟೊ ತೆಗೆದು ಮೆಸೇಜ್ ಕಳಿಸುತ್ತೆ, ಅಷ್ಟೇ.

ಒಂದು ವಿಷಯ ಮೊದಲೇ ತಿಳಿದಿರಲಿ. ನಿಮ್ಮ ಚಲನ್ ಯಾವಾಗಲೂ ಮೂರರಲ್ಲಿ ಒಂದು ಕಡೆ ಇರುತ್ತೆ: ಪೊಲೀಸರ ಬಳಿ, ಆನ್‌ಲೈನ್‌ನಲ್ಲೇ ನಡೆಯುವ ವರ್ಚುವಲ್ ಕೋರ್ಟ್‌ನಲ್ಲಿ, ಇಲ್ಲವೇ ಮಾಮೂಲಿ ಮ್ಯಾಜಿಸ್ಟ್ರೇಟ್ ಕೋರ್ಟ್‌ನಲ್ಲಿ. ನಿಮ್ಮ ಕೈಯಲ್ಲಿ ಏನಿದೆ ಅನ್ನೋದು ಅದು ಎಲ್ಲಿದೆ ಅನ್ನೋದರ ಮೇಲೆ ನಿಂತಿದೆ. ಕೋರ್ಟ್‌ಗೆ ಹೋದ ಚಲನ್ ಹಿಡಿದು ಪೊಲೀಸ್ ಸ್ಟೇಷನ್‌ಗೆ ಅಲೆಯುವವರು ತುಂಬ ಜನ. ಅಲ್ಲಿ ಯಾರೂ ಏನೂ ಮಾಡಲಾರರು.

ಕೈಯಲ್ಲಿ ಇಟ್ಟುಕೊಳ್ಳಬೇಕಾದ್ದು: ಆರ್‌ಸಿ (ಚಾಸಿ ನಂಬರ್ ಮತ್ತು ಎಂಜಿನ್ ನಂಬರ್‌ನ ಕೊನೇ ಐದು ಅಂಕಿ ಬೇಕಾಗುತ್ತೆ), ಡಿಎಲ್, ಚಲನ್ ನಂಬರ್, ಆರ್‌ಸಿಗೆ ಜೋಡಿಸಿರುವ ಮೊಬೈಲ್. ಗಾಡಿ ತಗೊಂಡಾಗ ಶೋರೂಮಿನವರೋ ಏಜೆಂಟರೋ ತಮ್ಮ ನಂಬರ್ ಹಾಕಿಬಿಟ್ಟಿದ್ದರೆ ಮೆಸೇಜೂ ಒಟಿಪಿಯೂ ಅವರಿಗೇ ಹೋಗುತ್ತೆ. ಹಾಗಿದ್ದರೆ ಕೇಂದ್ರ ಸಾರಿಗೆ ಸಚಿವಾಲಯದ ಪರಿವಾಹನ್ ಪೋರ್ಟಲ್‌ನಲ್ಲಿ ಮೊದಲು ಮೊಬೈಲ್ ನಂಬರ್ ಬದಲಾಯಿಸಿ. ಉಳಿದದ್ದೆಲ್ಲ ಆಮೇಲೆ.

1. ಮೆಸೇಜ್ ಅಸಲಿಯಾ ನೋಡಿ

ವಾಟ್ಸಾಪ್‌ನಲ್ಲಿ "ನಿಮ್ಮ ಚಲನ್ ಇಲ್ಲಿದೆ" ಅಂತ ಎಪಿಕೆ ಫೈಲ್ ಬಂದರೆ ಮುಟ್ಟಲೇಬೇಡಿ. ಎಪಿಕೆ ಅಂದರೆ ಫೋನಿಗೆ ಹಾಕುವ ಆಪ್. ಅದು ಒಳಗೆ ಕೂತು ನಿಮ್ಮ ಒಟಿಪಿಗಳನ್ನೆಲ್ಲ ಓದಿ ಬ್ಯಾಂಕ್ ಖಾತೆ ಖಾಲಿ ಮಾಡುತ್ತೆ. ಯಾವ ಪೊಲೀಸರೂ ಯಾವ ಕೋರ್ಟೂ ಎಪಿಕೆ ಕಳಿಸಲ್ಲ. ಮೆಸೇಜ್‌ನಲ್ಲಿರುವ ಲಿಂಕ್ ಒತ್ತುವ ಬದಲು ನೀವೇ ಪೋರ್ಟಲ್ ತೆರೆದು ಗಾಡಿ ನಂಬರ್ ಹಾಕಿ ನೋಡಿ. ನಿಜವಾದ ಚಲನ್ ಆಗಿದ್ದರೆ ಅಲ್ಲಿ ಕಾಣುತ್ತೆ.

2. ಕೇಸ್ ಎಲ್ಲಿದೆ ಪತ್ತೆ ಮಾಡಿ

ಮೂರು ಕಡೆ ನೋಡಬೇಕು. ಒಂದು, ಬೆಂಗಳೂರು ಸಂಚಾರ ಪೊಲೀಸರ ವೆಬ್‌ಸೈಟ್ ಅಥವಾ ಅವರ ಅಸ್ತ್ರಂ ಆಪ್. ಎರಡು, ಪರಿವಾಹನ್‌ನ ಇ-ಚಲನ್ ಪೋರ್ಟಲ್. ಇಲ್ಲೇ ಆ ಐದು ಅಂಕಿ ಕೇಳೋದು. ಮೂರು, ವರ್ಚುವಲ್ ಕೋರ್ಟ್ ಪೋರ್ಟಲ್. ಅಲ್ಲಿ ರಾಜ್ಯಗಳ ಪಟ್ಟಿಯಲ್ಲಿ ಕರ್ನಾಟಕ ಆರಿಸಿ, ಮೊಬೈಲ್ ನಂಬರ್, ಗಾಡಿ ಅಥವಾ ಚಲನ್ ನಂಬರ್, ಇಲ್ಲವೇ ಸಿಎನ್‌ಆರ್ ನಂಬರ್ ಹಾಕಿ ಹುಡುಕಬಹುದು. ಸಿಎನ್‌ಆರ್ ಅನ್ನೋದು ಕೋರ್ಟ್ ಪ್ರತಿ ಕೇಸಿಗೂ ಕೊಡುವ 16 ಅಕ್ಷರ-ಅಂಕಿಗಳ ಗುರುತು. ಒಮ್ಮೆ ಸಿಕ್ಕರೆ ಬರೆದಿಟ್ಟುಕೊಳ್ಳಿ, ಮುಂದೆ ಇ-ಕೋರ್ಟ್ಸ್ ಆಪ್‌ನಲ್ಲೂ ಅದೇ ಸಾಕು.

ಪೊಲೀಸ್ ಸೈಟ್‌ನಲ್ಲಿ ಕಾಣಲಿಲ್ಲ ಅಂತ ಖುಷಿಪಡಬೇಡಿ. ಕೋರ್ಟ್‌ಗೆ ಹೋಗಿರುವುದರಿಂದಲೇ ಕಾಣದಿರಬಹುದು.

3. ಫೋಟೊ ನೋಡಿ, ಸೆಕ್ಷನ್ ಓದಿ

ಎಲ್ಲರೂ ಹಾರಿಸುವ ಹಂತ ಇದು, ನನ್ನ ಪ್ರಕಾರ ಇದೇ ಮುಖ್ಯ.

ಫೋಟೊ ದೊಡ್ಡದು ಮಾಡಿ ನೋಡಿ. ಮೊದಲು ನಂಬರ್ ಪ್ಲೇಟ್. ಕ್ಯಾಮೆರಾ ಕೆಲವೊಮ್ಮೆ 8 ಅನ್ನು ಬಿ ಅಂತಲೂ 0 ಅನ್ನು ಡಿ ಅಂತಲೂ ಓದಿಬಿಡುತ್ತೆ. ಪ್ಲೇಟ್ ಮೇಲೆ ಮಣ್ಣಿದ್ದರೆ, ಅಕ್ಷರ ಚಿತ್ತಾರವಾಗಿದ್ದರೆ ಇನ್ನೂ ಜಾಸ್ತಿ. ಆಮೇಲೆ ಗಾಡಿ: ನಿಮ್ಮದು ಬಿಳಿ ಆಕ್ಟಿವಾ, ಫೋಟೊದಲ್ಲಿ ಕಪ್ಪು ಪಲ್ಸರ್ ಇದ್ದರೆ ನಿಮ್ಮ ನಂಬರನ್ನು ಬೇರೆ ಯಾರೋ ಹಾಕಿಕೊಂಡು ಓಡಾಡುತ್ತಿದ್ದಾರೆ ಅಂತ ಅರ್ಥ. ಮೂರನೆಯದು ಜಾಗ, ದಿನ, ಗಂಟೆ. ಸಿಗ್ನಲ್ ಜಂಪ್ ಆದರೆ ಸ್ಟಾಪ್ ಲೈನ್, ಕೆಂಪು ದೀಪ, ಗಾಡಿ ಮೂರೂ ಚಿತ್ರಗಳಲ್ಲಿ ಕಾಣುತ್ತಿದೆಯಾ ನೋಡಿ. ಸ್ಪೀಡ್ ಕೇಸ್ ಆದರೆ ಅಳೆದ ವೇಗ ನಮೂದಾಗಿರಬೇಕು.

ಇದು ನಾನು ಕಟ್ಟಿದ ಪಟ್ಟಿಯಲ್ಲ. ನಿಯಮ 167ಎ ಕೇಳುವುದೇ ಇದನ್ನು: ತಪ್ಪು ಮತ್ತು ನಂಬರ್ ಪ್ಲೇಟ್ ಸ್ಪಷ್ಟವಾಗಿ ಕಾಣುವ ಚಿತ್ರ, ಸಾಧನದ ಅಳತೆ, ದಿನ-ಸಮಯ-ಸ್ಥಳ, ಉಲ್ಲಂಘಿಸಿದ ಸೆಕ್ಷನ್, ಜೊತೆಗೆ ಎಲೆಕ್ಟ್ರಾನಿಕ್ ಸಾಕ್ಷ್ಯದ ಪ್ರಮಾಣಪತ್ರ. ಕ್ಯಾಮೆರಾಗೆ ಅನುಮೋದನೆ ಪತ್ರ ಇರಬೇಕು, ಅದು ವರ್ಷಕ್ಕೊಮ್ಮೆ ನವೀಕರಣ ಆಗಬೇಕು. ಕ್ಯಾಮೆರಾ ಇದೆ ಅಂತ ರಸ್ತೆಯಲ್ಲಿ ಎದ್ದು ಕಾಣುವ ಬೋರ್ಡ್ ಹಾಕಿರಬೇಕು. ತಪ್ಪು ನಡೆದ 15 ದಿನದೊಳಗೆ ನೋಟಿಸ್ ಕಳಿಸಬೇಕು.

ಇನ್ನು ಸೆಕ್ಷನ್. ಕೆಂಪು ದೀಪ ದಾಟಿದ್ದನ್ನೇ ಎರಡು ರೀತಿ ಬರೆಯಬಹುದು. ಸಿಗ್ನಲ್ ಪಾಲಿಸಲಿಲ್ಲ ಅಂತ 119 ಮತ್ತು 177ರಲ್ಲಿ ಹಾಕಿದರೆ ಮೊದಲ ಸಲಕ್ಕೆ ಗರಿಷ್ಠ ₹500. ಅದನ್ನೇ 184ರಲ್ಲಿ, ಅಂದರೆ ಅಪಾಯಕಾರಿ ಚಾಲನೆ ಅಂತ ಹಾಕಿದರೆ ₹1,000ದಿಂದ ₹5,000 ದಂಡ, ಆರು ತಿಂಗಳಿಂದ ಒಂದು ವರ್ಷದವರೆಗೆ ಜೈಲು, ಅಥವಾ ಎರಡೂ. 177 ರಾಜಿ ಮಾಡಬಹುದಾದ ತಪ್ಪು. ಅಂದರೆ ಅಧಿಕಾರ ಇರುವ ಪೊಲೀಸರಿಗೆ ದಂಡ ಕಟ್ಟಿದರೆ ಅಲ್ಲೇ ಮುಗಿಯುತ್ತೆ. 184ರಲ್ಲಿ ಕೈಯಲ್ಲಿ ಮೊಬೈಲ್ ಹಿಡಿದು ಓಡಿಸಿದ್ದಕ್ಕೆ ಮಾತ್ರ ಆ ಅವಕಾಶ. ಉಳಿದದ್ದು ಕೋರ್ಟ್‌ನಲ್ಲೇ ತೀರ್ಮಾನ ಆಗಬೇಕು. ಹಾಗಾಗಿ ಮೊತ್ತ ನೋಡುವ ಮೊದಲು ಸೆಕ್ಷನ್ ನೋಡಿ.

ಚಲನ್ ದಾರಿಯಲ್ಲೇ ಬಾರದ ಕೇಸುಗಳೂ ಇವೆ. ಗಂಟೆಗೆ 130 ಕಿ.ಮೀ. ಮೀರಿದರೆ ಎಫ್‌ಐಆರ್ ಹಾಕುತ್ತೇವೆ ಅಂತ ರಾಜ್ಯ ಪೊಲೀಸರು 2024ರ ಆಗಸ್ಟ್‌ನಿಂದ ಜಾರಿಗೆ ತಂದರು. ಮಗ-ಮಗಳು ವಯಸ್ಸಾಗುವ ಮೊದಲೇ ಗಾಡಿ ಓಡಿಸಿದರೆ 199ಎ ಪ್ರಕಾರ ಪೋಷಕರ ಅಥವಾ ಮಾಲೀಕರ ಮೇಲೇ ಕೇಸ್: ₹25,000 ದಂಡ, ಮೂರು ವರ್ಷದವರೆಗೆ ಜೈಲು. ಇಂಥದ್ದು ಬಂದರೆ ಈ ಲೇಖನ ಮಡಚಿಟ್ಟು ಸೀದಾ ವಕೀಲರ ಹತ್ತಿರ ಹೋಗಿ.

4. ತಕರಾರಿದ್ದರೆ ಪೊಲೀಸ್ ಹಂತದಲ್ಲೇ ಎತ್ತಿ

ಚಲನ್ ಇನ್ನೂ ಪೊಲೀಸರ ಬಳಿ ಇದ್ದರೆ ಅದೃಷ್ಟ. ತಪ್ಪು ಚಲನ್ ರದ್ದಾಗೋದು ಇಲ್ಲಿ ಸುಲಭ, ಖರ್ಚೂ ಇಲ್ಲ. ಆನ್‌ಲೈನ್ ದೂರು ಹಾಕಿ, ಇಲ್ಲವೇ ಇನ್‌ಫೆಂಟ್ರಿ ರಸ್ತೆಯ ಟ್ರಾಫಿಕ್ ಮ್ಯಾನೇಜ್‌ಮೆಂಟ್ ಸೆಂಟರ್‌ಗೆ ದಾಖಲೆ ತಗೊಂಡು ಹೋಗಿ. ನೋಟಿಸ್‌ನಲ್ಲಿ ಗಡುವು ಬರೆದಿದ್ದರೆ ಅದರೊಳಗೇ ಮಾಡಿ. ಬಾಯಿಮಾತಲ್ಲಿ ಹೇಳಿ ಬರಬೇಡಿ. ಬರೆದು ಕೊಟ್ಟು ಸ್ವೀಕೃತಿ ತಗೊಳ್ಳಿ.

ಯಾವ ತಕರಾರಿಗೆ ಏನು ದಾಖಲೆ?

ಪ್ಲೇಟ್ ತಪ್ಪು ಓದಿದ್ದರೆ ಆರ್‌ಸಿ ಜೆರಾಕ್ಸ್, ಗಾಡಿಯ ಮುಂದಿನ ಹಿಂದಿನ ಫೋಟೊ ಸಾಕು. ನಕಲಿ ನಂಬರ್ ಆಗಿದ್ದರೆ ಅಷ್ಟಕ್ಕೇ ಬಿಡಬೇಡಿ, ನಿಮ್ಮ ಠಾಣೆಯಲ್ಲಿ ದೂರು ಕೊಟ್ಟು ಪ್ರತಿ ಇಟ್ಟುಕೊಳ್ಳಿ. ಆ ಗಾಡಿ ನಾಳೆ ಯಾರಿಗಾದರೂ ಗುದ್ದಿದರೆ ಹುಡುಕಿಕೊಂಡು ಬರೋದು ನಿಮ್ಮ ಮನೆಗೇ.

ಆಂಬುಲೆನ್ಸ್‌ಗೆ ದಾರಿ ಬಿಡಲು ಸ್ಟಾಪ್ ಲೈನ್ ದಾಟಿದ್ದರೆ ಅದನ್ನೇ ಬರೆಯಿರಿ, ಸಮಯ ತಿಳಿಸಿ, ಡ್ಯಾಶ್‌ಕ್ಯಾಮ್ ವಿಡಿಯೊ ಇದ್ದರೆ ಕೊಡಿ. ದಾರಿ ಬಿಡದಿದ್ದರೆ 194ಇ ಪ್ರಕಾರ ₹10,000 ದಂಡ, ಬಿಟ್ಟರೆ ಕ್ಯಾಮೆರಾ ಚಲನ್! ಅದೇ ಜಂಕ್ಷನ್‌ನ ದೃಶ್ಯ ಪೊಲೀಸರ ಹತ್ತಿರವೂ ಇರುತ್ತೆ. ಹಾಗಾಗಿ ಬೇಗ ಕೇಳಿದಷ್ಟೂ ಒಳ್ಳೆಯದು.

ಮಾರಿದ ಗಾಡಿಯ ವಿಷಯ ಕಷ್ಟ. ಕಾನೂನಿನ ಕಣ್ಣಿಗೆ ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು. ರಾಜ್ಯದೊಳಗೇ ಮಾರಿದ್ದರೆ 14 ದಿನದೊಳಗೆ ನೀವು ಆರ್‌ಟಿಒಗೆ ತಿಳಿಸಬೇಕಿತ್ತು. ಫಾರಂ 29 ಇರೋದೇ ಅದಕ್ಕೆ. ಅದನ್ನು ಕೊಟ್ಟ ಸ್ವೀಕೃತಿ, ಮಾರಾಟದ ಪತ್ರ, ಹಣ ಬಂದ ಬ್ಯಾಂಕ್ ದಾಖಲೆ ಇದ್ದರೆ ತಗೊಂಡು ಹೋಗಿ. ಏನೂ ಇಲ್ಲದಿದ್ದರೆ ಕೊಂಡವರನ್ನು ಹಿಡಿದು ಹೆಸರು ಬದಲಾಯಿಸೋದೇ ಮೊದಲ ಕೆಲಸ. ಇಲ್ಲದಿದ್ದರೆ ಈ ಚಲನ್ ಮುಗಿಸುವಷ್ಟರಲ್ಲಿ ಇನ್ನೆರಡು ಬಂದಿರುತ್ತೆ.

ಗಾಡಿ ನಿಮ್ಮದೇ, ಓಡಿಸಿದ್ದು ಬೇರೆಯವರಾ? ಸೆಕ್ಷನ್ 133 ಪ್ರಕಾರ ಪೊಲೀಸರು ಕೇಳಿದರೆ ಚಾಲಕರ ಹೆಸರು, ವಿಳಾಸ, ಲೈಸೆನ್ಸ್ ವಿವರ ಮಾಲೀಕರು ಕೊಡಲೇಬೇಕು. ಟ್ಯಾಕ್ಸಿ ಇಟ್ಟವರು, ಕಂಪನಿ ಗಾಡಿ ಇರುವವರು ಯಾರು ಯಾವತ್ತು ಓಡಿಸಿದರು ಅಂತ ಒಂದು ಪುಸ್ತಕ ಇಟ್ಟರೆ ತಲೆನೋವು ಕಡಿಮೆ.

ತಪ್ಪು ನಿಮ್ಮದೇ ಅಂತ ಗೊತ್ತಿದ್ದರೆ ಇಲ್ಲೇ ಕಟ್ಟಿಬಿಡಿ. ಕಾರಣ ಹಣದ್ದೇ. 2019ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ರಾಜಿ ದಂಡದ ದರಗಳನ್ನು ಇಳಿಸಿತು. ಹೆಲ್ಮೆಟ್ ಇಲ್ಲದ್ದಕ್ಕೆ ಇಲ್ಲಿ ₹500 ಕಟ್ಟುತ್ತೀರಿ. ಕಾಯ್ದೆಯ 194ಡಿ ಓದಿದರೆ ಅಲ್ಲಿರೋದು ₹1,000, ಜೊತೆಗೆ ಮೂರು ತಿಂಗಳು ಲೈಸೆನ್ಸ್ ಅನರ್ಹತೆ. ಇಳಿಸಿದ ದರ ರಾಜಿಗೆ ಮಾತ್ರ. ವಿಚಾರಣೆ ನಡೆದು ತಪ್ಪಿತಸ್ಥ ಅಂತಾದರೆ ಕೋರ್ಟ್ ಕಾಯ್ದೆಯನ್ನೇ ನೋಡುತ್ತೆ. ಇನ್ನೊಂದು ವಿಷಯ: ಕಟ್ಟಿ ಮುಗಿಸಿದರೂ ಲೆಕ್ಕದಿಂದ ಹೋಗಲ್ಲ. ಅದೇ ತಪ್ಪು ಮತ್ತೆ ಮಾಡಿದರೆ ಹಿಂದಿನದನ್ನು ಮೊದಲ ತಪ್ಪು ಅಂತಲೇ ಎಣಿಸುತ್ತಾರೆ.

5. ವರ್ಚುವಲ್ ಕೋರ್ಟ್‌ಗೆ ಹೋಗಿದ್ದರೆ

ಹೆಸರು ಕೇಳಿ ವಿಡಿಯೊ ಕಾಲ್‌ನಲ್ಲಿ ಜಡ್ಜ್ ಮುಂದೆ ಕೂರಬೇಕು ಅಂದುಕೊಳ್ಳುತ್ತಾರೆ. ಹಾಗೇನಿಲ್ಲ. ವಾದಕ್ಕೆ ಇಲ್ಲಿ ಜಾಗವೇ ಇಲ್ಲ. ಪೊಲೀಸರು ಚಲನ್ ಅನ್ನು ಆನ್‌ಲೈನ್‌ನಲ್ಲೇ ಸಲ್ಲಿಸುತ್ತಾರೆ. ನ್ಯಾಯಾಧೀಶರು ಪರದೆ ಮೇಲೆ ನೋಡಿ ದಂಡದ ಮೊತ್ತ ಗೊತ್ತು ಮಾಡುತ್ತಾರೆ. ನಿಮಗೆ ಮೆಸೇಜ್ ಬರುತ್ತೆ. ಇಂಥ ಕೋರ್ಟ್ ದೇಶದಲ್ಲಿ ಮೊದಲು ಶುರುವಾಗಿದ್ದು ದೆಹಲಿಯಲ್ಲಿ, 2019ರ ಜುಲೈನಲ್ಲಿ.

ಪೋರ್ಟಲ್‌ನಲ್ಲಿ ಕೇಸ್ ತೆರೆದರೆ ನಿಮ್ಮ ಮುಂದೆ ಎರಡೇ ಆಯ್ಕೆ.

ಸೂಚಿಸಿದ ದಂಡ ಕಟ್ಟುತ್ತೇನೆ: ಒಟಿಪಿ ಹಾಕಿ ಕಟ್ಟಿದರೆ ಕೇಸ್ ಮುಗಿಯಿತು. ಇದು ತಪ್ಪೊಪ್ಪಿಗೆ ಅನ್ನೋದು ನೆನಪಿರಲಿ. ಒಪ್ಪಿಕೊಂಡ ಮೇಲೆ "ನಾನು ತಪ್ಪೇ ಮಾಡಿಲ್ಲ" ಅಂತ ಮೇಲ್ಮನವಿ ಹಾಕಲು ದಾರಿ ಇರಲ್ಲ.

ಕೇಸ್ ನಡೆಸುತ್ತೇನೆ: ಇದನ್ನು ಒತ್ತಿದರೆ ಚಲನ್ ರದ್ದಾಗುತ್ತೆ ಅಂತ ಎಷ್ಟೋ ಜನ ನಂಬಿದ್ದಾರೆ. ಆಗಲ್ಲ. ಕೇಸ್ ಆ ಜಾಗದ ವ್ಯಾಪ್ತಿಯ ಮಾಮೂಲಿ ಕೋರ್ಟ್‌ಗೆ ವರ್ಗವಾಗುತ್ತೆ, ನೀವು ಅಲ್ಲಿಗೆ ಹೋಗಬೇಕಾಗುತ್ತೆ. ಕೊಪ್ಪಳದವರ ಗಾಡಿ ಬೆಂಗಳೂರಿನ ಟೌನ್‌ಹಾಲ್ ಹತ್ತಿರ ಸಿಕ್ಕಿಬಿದ್ದಿದ್ದರೆ ಕೋರ್ಟ್ ಬೆಂಗಳೂರಿನದ್ದೇ. ಸುಮ್ನೆ ಸಿಟ್ಟಿಗೆ ಒತ್ತಬೇಡಿ.

ಎರಡೂ ಮಾಡದೆ ಕೂತರೆ? ಕೇಸ್ ಅಲ್ಲೇ ಇರುತ್ತೆ. ತಾನಾಗಿ ಬಿದ್ದುಹೋಗಲ್ಲ. ಗಾಡಿ ಮಾರಲು ಹೋದಾಗ, ಆರ್‌ಟಿಒ ಹತ್ತಿರ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಕೇಳಿದಾಗ ಎದುರಾಗುತ್ತೆ. ಅಷ್ಟರಲ್ಲಿ ಸಮನ್ಸ್ ಬಂದಿದ್ದರೂ ಬಂದಿರಬಹುದು.

ಕಟ್ಟುವ ಮೊದಲು ಪೊಲೀಸ್ ಸೈಟ್‌ನಲ್ಲಿ ಅದೇ ಚಲನ್‌ಗೆ ಈಗಾಗಲೇ ಕಟ್ಟಿದ್ದೀರಾ ನೋಡಿಕೊಳ್ಳಿ. ಕಟ್ಟಿದ್ದರೆ ಆ ರಸೀದಿಯೇ ನಿಮ್ಮ ಅಸ್ತ್ರ. ಎರಡು ಸಲ ಕಟ್ಟಿದ ಹಣ ವಾಪಸ್ ಪಡೆಯೋದು ಹರಸಾಹಸ.

6. ಮಾಮೂಲಿ ಕೋರ್ಟ್‌ಗೆ ಹೋಗಬೇಕಾಗಿ ಬಂದರೆ

ಮೊದಲು ಲೆಕ್ಕ ಹಾಕಿ. ₹500ರ ಕೇಸಿಗೆ ಎರಡು ಮೂರು ವಾಯಿದೆ, ಅಷ್ಟೇ ದಿನದ ಸಂಬಳ, ವಕೀಲರ ಫೀಸು. ನನ್ನನ್ನು ಕೇಳಿದರೆ ಮೂರು ಸಂದರ್ಭದಲ್ಲಿ ಮಾತ್ರ ಹೋರಾಡಿ: ಗಾಡಿ ನಿಮ್ಮದಲ್ಲದಿದ್ದರೆ, ಲೈಸೆನ್ಸ್‌ಗೆ ಕುತ್ತು ಬರುವಂತಿದ್ದರೆ, ಇಲ್ಲವೇ ಸೆಕ್ಷನ್ 184ರಂಥ ಗಟ್ಟಿ ಆರೋಪ ಇದ್ದರೆ. "ಎಲ್ಲರೂ ದಾಟಿದರು, ನನಗೊಬ್ಬನಿಗೇ ಯಾಕೆ" ಅನ್ನೋ ವಾದ ಕೋರ್ಟ್‌ನಲ್ಲಿ ನಿಲ್ಲಲ್ಲ.

ಸಮನ್ಸ್ ಅಂದರೆ ಇಂಥ ದಿನ ಹಾಜರಾಗಿ ಅಂತ ಕೋರ್ಟ್ ಕೊಡುವ ಆದೇಶ. ಅದನ್ನು ಪೂರ್ತಿ ಓದಿ. ಸೆಕ್ಷನ್ 208 ಪ್ರಕಾರ ವಕೀಲರ ಮೂಲಕ ಹಾಜರಾಗಬಹುದು ಅಂತಲೋ, ತಪ್ಪೊಪ್ಪಿಗೆಯನ್ನು ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ಕಳಿಸಿ ಇಷ್ಟು ಹಣ ಕಟ್ಟಬಹುದು ಅಂತಲೋ ಅದರಲ್ಲೇ ಬರೆದಿರಬಹುದು. ಬರೆದಿದ್ದರೆ ದೂರದ ಊರಿನವರಿಗೆ ಅದೇ ಅನುಕೂಲ.

ಹೋಗೋದಾದರೆ ಬೆಳಗ್ಗೆ ಕಲಾಪ ಶುರುವಾಗುವ ಮೊದಲೇ ಹೋಗಿ. ಕೋರ್ಟ್ ಹಾಲ್ ಬಾಗಿಲ ಪಕ್ಕ ಆವತ್ತಿನ ಕೇಸುಗಳ ಪಟ್ಟಿ ಅಂಟಿಸಿರುತ್ತಾರೆ. ನಿಮ್ಮ ಕ್ರಮಸಂಖ್ಯೆ ನೋಡಿಕೊಂಡು ಒಳಗೆ ಕೂತುಕೊಳ್ಳಿ. ಹೆಸರು ಕೂಗಿದಾಗ ಕಾಫಿ ಕುಡಿಯಲು ಹೋಗಿದ್ದರೆ ಗೈರುಹಾಜರಿ ಬರೆದುಬಿಡುತ್ತಾರೆ. ಫೋನ್ ಸೈಲೆಂಟ್ ಮಾಡಿ. ಅಸಲು ದಾಖಲೆ ಮತ್ತು ಒಂದು ಸೆಟ್ ಜೆರಾಕ್ಸ್ ಎರಡೂ ಇರಲಿ. ಬಾಗಿಲಲ್ಲಿ "ನಾನು ನೋಡ್ಕೋತೀನಿ ಸಾರ್, ಇಷ್ಟು ಕೊಡಿ" ಅನ್ನೋರಿಗೆ ಹಣ ಕೊಡಬೇಡಿ.

ಒಳಗೆ ಆರೋಪ ಓದಿ ಹೇಳಿ ಕೇಳುತ್ತಾರೆ: ಒಪ್ಪುತ್ತೀರಾ, ಇಲ್ಲವಾ? ಒಪ್ಪಿದರೆ ದಂಡ ಕಟ್ಟಿ ರಸೀದಿ ತಗೊಂಡು ಅವತ್ತೇ ಮನೆಗೆ. ಒಪ್ಪದಿದ್ದರೆ ಜಾಮೀನು ಪತ್ರ ಬರೆಸಿಕೊಂಡು ಸಾಕ್ಷಿಗೆ ಇನ್ನೊಂದು ವಾಯಿದೆ ಕೊಡುತ್ತಾರೆ. ಆವತ್ತು ಪೊಲೀಸರು ಸಾಕ್ಷ್ಯ ಹೇಳುತ್ತಾರೆ, ನೀವು ಅಥವಾ ನಿಮ್ಮ ವಕೀಲರು ಪಾಟಿ ಸವಾಲು ಮಾಡಬಹುದು, ಅಂದರೆ ಸಾಕ್ಷಿಯನ್ನು ಪ್ರಶ್ನೆ ಕೇಳಬಹುದು.

ಕೇಳಬೇಕಾದ್ದು ಮೂರನೇ ಹಂತದಲ್ಲಿ ಬರೆದ ಸಂಗತಿಗಳೇ. ಕ್ಯಾಮೆರಾದ ಅನುಮೋದನೆ ಪತ್ರ ಆ ದಿನ ಚಾಲ್ತಿಯಲ್ಲಿತ್ತಾ? ಬೋರ್ಡ್ ಇತ್ತಾ? ನೋಟಿಸ್ ಯಾವತ್ತು ಹೋಯಿತು? ಎಲ್ಲಕ್ಕಿಂತ ಮುಖ್ಯ, ಫೋಟೊ ಜೊತೆ ಪ್ರಮಾಣಪತ್ರ ಇದೆಯಾ? ಮುಂಚೆ ಇದು ಸಾಕ್ಷ್ಯ ಕಾಯ್ದೆಯ 65ಬಿ. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63(4). ಹೊಸ ನಮೂನೆಗೆ ಎರಡು ಭಾಗ: ಒಂದು ಸಾಧನದ ಹೊಣೆ ಇರುವವರು ತುಂಬುವುದು, ಇನ್ನೊಂದು ತಜ್ಞರು ತುಂಬುವುದು. ಸ್ಪೀಡ್ ಕೇಸಿನಲ್ಲಿ ಇನ್ನೊಂದು ಅಂಶ ಇದೆ. ಸಾಧನದ ಅಳತೆ ಇಲ್ಲದೆ, ಒಬ್ಬ ಸಾಕ್ಷಿಯ ಅಂದಾಜಿನ ಮೇಲಷ್ಟೇ ಶಿಕ್ಷೆ ಕೊಡುವಂತಿಲ್ಲ ಅಂತ ಸೆಕ್ಷನ್ 183ರಲ್ಲೇ ಇದೆ. ಒಂದು ಎಚ್ಚರಿಕೆ: ಬೋರ್ಡ್ ಇರಲಿಲ್ಲ, ನೋಟಿಸ್ ತಡವಾಯಿತು ಅಂದ ಮಾತ್ರಕ್ಕೆ ಕೇಸ್ ಬಿದ್ದೇ ಬೀಳುತ್ತೆ ಅಂತ ನಂಬಬೇಡಿ. ಅದಕ್ಕೆ ಎಷ್ಟು ತೂಕ ಕೊಡಬೇಕು ಅಂತ ನೋಡೋದು ನ್ಯಾಯಾಧೀಶರು.

ಹಳೇ ಚಲನ್ ಆಗಿದ್ದರೆ ಕಾಲಮಿತಿ ನೋಡಿ. ದಂಡ ಮಾತ್ರ ಇರುವ ತಪ್ಪಿಗೆ ಆರು ತಿಂಗಳೊಳಗೆ, ಒಂದು ವರ್ಷದವರೆಗೆ ಜೈಲು ಇರುವ ತಪ್ಪಿಗೆ ಒಂದು ವರ್ಷದೊಳಗೆ ಕೇಸ್ ಕೋರ್ಟ್‌ಗೆ ಬಂದಿರಬೇಕು. ಈಗಿನ ಬಿಎನ್‌ಎಸ್‌ಎಸ್‌ನಲ್ಲಿ (ಹಳೇ ಸಿಆರ್‌ಪಿಸಿ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಇದು ಸೆಕ್ಷನ್ 514. ಲೆಕ್ಕಕ್ಕೆ ಬರೋದು ಕೋರ್ಟ್‌ಗೆ ಸಲ್ಲಿಸಿದ ದಿನ, ನಿಮಗೆ ಸಮನ್ಸ್ ಮುಟ್ಟಿದ ದಿನವಲ್ಲ. ಸರಿಯಾದ ಕಾರಣ ಇದ್ದರೆ ತಡವನ್ನು ಮನ್ನಿಸುವ ಅಧಿಕಾರವೂ ಕೋರ್ಟ್‌ಗಿದೆ.

ವಾಯಿದೆಗೆ ಹೋಗಲಾಗದಿದ್ದರೆ ವಕೀಲರಿಂದ ಹಾಜರಾತಿ ವಿನಾಯಿತಿ ಅರ್ಜಿ ಹಾಕಿಸಿ. ಹೇಳದೆ ಕೇಳದೆ ತಪ್ಪಿಸಿಕೊಂಡರೆ ವಾರಂಟ್ ಬರುತ್ತೆ. ₹500ರ ತಪ್ಪು ನಿಜವಾಗಿ ದೊಡ್ಡದಾಗೋದು ಇಲ್ಲೇ. ವಕೀಲರಿಗೆ ಹಣ ಇಲ್ಲದಿದ್ದರೆ 15100ಕ್ಕೆ ಫೋನ್ ಮಾಡಿ. ಅದು ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದಾಯ ಎಷ್ಟಿದ್ದರೂ ಉಚಿತ ನೆರವು ಸಿಗುತ್ತೆ.

ಲೋಕ ಅದಾಲತ್ ಮತ್ತು ಅರ್ಧ ದಂಡ

ಇವೆರಡನ್ನೂ ಒಂದೇ ಅಂದುಕೊಂಡವರೇ ಹೆಚ್ಚು. ಲೋಕ ಅದಾಲತ್ ಅಂದರೆ ರಾಜಿ ಮಾಡಿಸುವ ವೇದಿಕೆ. ರಾಷ್ಟ್ರೀಯ ಲೋಕ ಅದಾಲತ್ ವರ್ಷದಲ್ಲಿ ನಾಲ್ಕು ಸಲ ನಡೆಯುತ್ತೆ. ರಾಜಿ ಮಾಡಬಹುದಾದ ತಪ್ಪುಗಳನ್ನು ಮಾತ್ರ ಅಲ್ಲಿ ತಗೊಳ್ಳುತ್ತಾರೆ, ತೀರ್ಮಾನದ ಮೇಲೆ ಅಪೀಲು ಇಲ್ಲ. 50% ರಿಯಾಯಿತಿ ಬೇರೆ. ಅದಕ್ಕೆ ಸರ್ಕಾರ ಪ್ರತ್ಯೇಕ ಆದೇಶ ಹೊರಡಿಸುತ್ತೆ. 2023ರ ಫೆಬ್ರುವರಿಯಲ್ಲಿ ಫೆ. 11ರವರೆಗೆ ಕೊಟ್ಟಾಗ ಜನ ಠಾಣೆಗಳ ಮುಂದೆ ಸಾಲು ನಿಂತು ಕಟ್ಟಿದರು, ಮಾರ್ಚ್‌ನಲ್ಲಿ ಇನ್ನೊಮ್ಮೆ ಕೊಟ್ಟರು. 2025ರಲ್ಲಿ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಮತ್ತೆ ಬಂತು. ಯಾವ ಚಲನ್‌ಗಳಿಗೆ ಅನ್ವಯ ಅಂತ ಪ್ರತಿ ಆದೇಶದಲ್ಲೂ ಬೇರೆ ಬೇರೆ ಇರುತ್ತೆ, ಓದಿಕೊಂಡೇ ಹೋಗಿ. ಮುಂದಿನ ರಿಯಾಯಿತಿ ಬರಲಿ ಅಂತ ಕಾಯುತ್ತಾ ಕೂತವರಿಗೆ ಒಂದು ಮಾತು: ಅಷ್ಟರಲ್ಲಿ ಚಲನ್ ಕೋರ್ಟ್‌ಗೆ ಹೋದರೆ ಸಂಬಳ ಕಳೆದುಕೊಂಡು ಅಲೆಯೋದು ನೀವೇ, ಅಲ್ವಾ?

7. ಮುಗಿದ ಮೇಲೆ

ದಂಡ ಕಟ್ಟಿದರೂ ಕೇಸ್ ವಜಾ ಆದರೂ ಒಂದು ವಾರ ಬಿಟ್ಟು ಎರಡನೇ ಹಂತದ ಮೂರೂ ಕಡೆ ಮತ್ತೆ ನೋಡಿ. ಕೋರ್ಟ್‌ನಲ್ಲಿ ಮುಗಿದ ಕೇಸ್ ಪೊಲೀಸರ ಪಟ್ಟಿಯಲ್ಲಿ ಬಾಕಿ ಅಂತಲೇ ಉಳಿದಿರುವುದುಂಟು. ಹಾಗಿದ್ದರೆ ಕೋರ್ಟ್ ರಸೀದಿ ಅಥವಾ ಆದೇಶದ ಪ್ರತಿ ಲಗತ್ತಿಸಿ ತೆಗೆಸಲು ಅರ್ಜಿ ಕೊಡಿ. ರಸೀದಿಯ ಫೋಟೊವನ್ನು ಫೋನಿನಲ್ಲೂ ಇಟ್ಟುಕೊಳ್ಳಿ. ರಸ್ತೆಯಲ್ಲಿ ಪೊಲೀಸರು ನಂಬರ್ ಹಾಕಿ ನೋಡಿ "ಬಾಕಿ ಇದೆ" ಅಂದಾಗ ತೋರಿಸೋಕೆ ಅದು ಬೇಕು.